ಹೊಗೆ ಕೋಣೆಯಲ್ಲಿ ಕಟ್ಟಿದ ಉಸಿರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಅಗ್ನಿಶಾಮಕ ಹುದ್ದೆಗೆ ಆಯ್ಕೆಯಾಗಿ ತರಬೇತಿಯ ಮೂರನೆಯ ತಿಂಗಳಿನಲ್ಲಿದ್ದ 24 ವರ್ಷದ ಯುವಕನೊಬ್ಬ ರಾಜೀನಾಮೆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ನನ್ನಲ್ಲಿಗೆ ಬಂದ. ಜೊತೆಗಿದ್ದ ಸೋದರಮಾವ, "ಮೇಡಂ, ಹೊಲ ಅಡ ಇಟ್ಟು ಓದಿಸಿದೀವಿ. ಸಿಕ್ಕಿರೋ ಸರ್ಕಾರಿ ಕೆಲಸ ಬಿಡ್ತೀನಿ ಅಂತಾನೆ, ನೀವೇ ಬುದ್ಧಿ ಹೇಳಿ" ಎಂದರು. ಅವರ ಸಂಕಟ ನನಗೆ ಅರ್ಥವಾಯಿತು. ಆದರೂ ಅವರನ್ನು ಹೊರಗೆ ಕೂರುವಂತೆ ಕೇಳಿಕೊಂಡೆ.

ಓಟ, ಏಣಿ ಹತ್ತುವುದು, ನೀರಿನ ಹೋಸ್ ಹೊತ್ತು ಓಡುವುದು, ಮನುಷ್ಯನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಯುವುದು, ಇವೆಲ್ಲದರಲ್ಲೂ ಆತ ತಂಡದಲ್ಲಿ ಮುಂದಿದ್ದ. ಸೋತದ್ದು ಹೊಗೆ ಕೋಣೆಯಲ್ಲಿ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಬಿಗಿಯಾದ ಮಾಸ್ಕ್ ತೊಟ್ಟು ಕತ್ತಲೆಯಲ್ಲಿ ತೆವಳುತ್ತಿದ್ದಾಗ, ಗಂಟಲನ್ನು ಯಾರೋ ಹಿಸುಕಿದಂತಾಗಿ, ಬೆರಳುಗಳು ಜೋಮು ಹಿಡಿದು, ಮಾಸ್ಕ್ ಕಿತ್ತೆಸೆದು ಹೊರಗೆ ಓಡಿಬಂದಿದ್ದ. ಎರಡನೆಯ ಸಲವೂ ಹಾಗೆಯೇ ಆಯಿತು. ಜೊತೆಗಾರರು ನಕ್ಕರು. ಏಪ್ರಿಲ್ 14ರಂದು, 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ಸ್ಮರಣೆಗೆ ಸಾಲಿನಲ್ಲಿ ತಲೆಬಾಗಿ ನಿಂತಾಗ, ಆ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ತನಗಿಲ್ಲವೆಂದು ಅನ್ನಿಸಿತಂತೆ. ರಾಜೀನಾಮೆ ಬರೆದದ್ದು ಅದೇ ರಾತ್ರಿ.

ಬಾಲ್ಯದ ಯಾವುದಾದರೂ ಪೆಟ್ಟು ಇದರ ಹಿಂದಿದೆಯೇ ಎಂದು ವಿಚಾರಿಸಿದೆ. ಅಂಥದ್ದೇನೂ ಇರಲಿಲ್ಲ. ಪ್ರತಿ ಭಯಕ್ಕೂ ಹಳೆಯ ಗಾಯವೊಂದನ್ನು ಹುಡುಕಬೇಕಿಲ್ಲ. ಮುಖ ಮುಚ್ಚಿದಾಗ ಬೆದರುವುದು ಆರೋಗ್ಯವಂತ ದೇಹದ ಸಹಜ ಗುಣ. ಆಸ್ತಮಾ ಅಥವಾ ಹೃದಯದ ತೊಂದರೆ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡ ನಂತರವೇ ನಾವು ಮುಂದುವರಿದೆವು.

ಕೆಲಸದ ಬಗ್ಗೆ ಹೇಳುವಂತೆ ಕೇಳಿದಾಗ ಆತನ ಮುಖವೇ ಬದಲಾಯಿತು. ಕತ್ತಲೆಯಲ್ಲಿ ದಾರಿ ತಡಕಾಡುವ ಬಗೆಯನ್ನು ನನ್ನ ಮೇಜಿನ ಮೇಲೆಯೇ, ಅಂಗೈಯಿಂದಲ್ಲ, ಅಂಗೈಯ ಹಿಂಬದಿಯಿಂದ ಸವರುತ್ತಾ ತೋರಿಸಿದ. ವಿದ್ಯುತ್ ತಂತಿ ತಗುಲಿದರೆ ಸ್ನಾಯುಗಳು ಸೆಟೆದು ಅಂಗೈ ಅದನ್ನೇ ಬಿಗಿಹಿಡಿದುಬಿಡುತ್ತದೆ, ಹಿಂಬದಿಯಾದರೆ ಕೈ ತಂತಿಯಿಂದ ಬಿಟ್ಟುಕೊಳ್ಳುತ್ತದೆ ಎಂದು ವಿವರಿಸಿದ. 6 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ಸುಮಾರು 1800 ಲೀಟರ್ ಗಾಳಿ ಇರುತ್ತದೆ, ನಿಮಿಷಕ್ಕೆ 40 ಲೀಟರಿನಂತೆ ಅದು 45 ನಿಮಿಷ ಬರುತ್ತದೆ ಎಂಬ ಲೆಕ್ಕವೂ ಬಾಯಿಪಾಠವಾಗಿತ್ತು. ಆ ಲೆಕ್ಕವನ್ನೇ ಹಿಡಿದು, ಗಾಬರಿಯಲ್ಲಿ ಉಸಿರು ಇಮ್ಮಡಿಯಾದರೆ ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಧ, ಮೇಡಂ" ಎಂದ. ಬೆರಳು ಜೋಮು ಹಿಡಿದದ್ದೂ, ತಲೆ ಸುತ್ತಿದ್ದೂ ಗಾಳಿಯ ಕೊರತೆಯಿಂದಲ್ಲ, ಅತಿಯಾಗಿ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದದ್ದರಿಂದ ಎಂದು ತಿಳಿಸಿದಾಗ, ಮೊದಲ ಬಾರಿಗೆ ಆತನ ಹೆಗಲು ಸಡಿಲವಾಯಿತು.

ನಾನು ಕೊಟ್ಟ ಸಲಹೆ ಹೀಗಿತ್ತು. ರಾಜೀನಾಮೆಯನ್ನು ಆರು ವಾರ ಮುಂದೂಡಿ. ಭಯವಿರುವುದನ್ನು ಬೋಧಕರಿಗೆ ನೀವೇ ತಿಳಿಸಿ, ಏಕೆಂದರೆ ಒಳಗೆ ಹೋಗುವುದು ಯಾವಾಗಲೂ ಜೋಡಿಯಾಗಿ. ಬಚ್ಚಿಟ್ಟ ಭಯ ಜೊತೆಗಾರನ ಜೀವಕ್ಕೂ ಅಪಾಯ, ನಿಜವಾದ ಬೆಂಕಿಯಲ್ಲಿ ಮಾಸ್ಕ್ ಕಿತ್ತರೆ ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಎರಡನೆಯ ಅವಕಾಶ ಕೊಡುವುದಿಲ್ಲ. ಬೋಧಕರ ಅನುಮತಿ ಪಡೆದು ಮೊದಲು ಬಯಲಿನಲ್ಲಿ ಕುಳಿತು ಮಾಸ್ಕ್ ತೊಡಿ. ಅದು ಬೇಸರ ತರಿಸುವಷ್ಟು ರೂಢಿಯಾದ ಮೇಲೆ ಕಣ್ಣಿನ ಗಾಜನ್ನು ಮುಚ್ಚಿ ನಡೆಯಿರಿ, ನಂತರ ಕತ್ತಲೆ ಕೋಣೆ, ಕೊನೆಗೆ ಹೊಗೆ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಸ್ನೇಹಿತನೊಬ್ಬ ಕೊಟ್ಟಿದ್ದ ನಿದ್ರೆಯ ಮಾತ್ರೆಯನ್ನು ಪರೀಕ್ಷೆಯ ದಿನ ನುಂಗುವ ಯೋಚನೆಯೂ ಆತನಿಗಿತ್ತು. ಅದನ್ನು ನಾನು ಖಂಡಿತವಾಗಿ ಬೇಡವೆಂದೆ. ಆರು ವಾರದ ಪ್ರಾಮಾಣಿಕ ಅಭ್ಯಾಸದ ನಂತರವೂ ಸಾಧ್ಯವಾಗದಿದ್ದರೆ ಬೇರೆ ಕೆಲಸ ಹುಡುಕುವುದು ಅವಮಾನವಲ್ಲ ಎಂಬ ಮಾತನ್ನು ಮಾವನ ಎದುರಿನಲ್ಲೇ ಹೇಳಿದೆ.

ಏಳನೆಯ ವಾರ ಆತ ಒಬ್ಬನೇ ಬಂದ. ಹೊಗೆ ಕೋಣೆಯನ್ನು ದಾಟಿದ್ದ, ಭಯ ಪೂರ್ತಿ ಹೋಗಿರಲಿಲ್ಲ. ಮಧ್ಯದಲ್ಲಿ ಒಮ್ಮೆ ನಿಂತು, ಜೊತೆಗಾರನ ಕಾಲು ಮುಟ್ಟಿ, ಹತ್ತು ಉಸಿರು ಎಣಿಸಿ ಮುಂದೆ ಹೋದೆ ಎಂದ. ಹೊರಬಂದಾಗ ಮಾಪಕದಲ್ಲಿ ಇನ್ನೂ 160 ಬಾರ್ ಇತ್ತಂತೆ. ಆ ಸಂಖ್ಯೆಯನ್ನು ನನಗೆ ಎರಡು ಸಲ ಹೇಳಿದ.