‘ನಮ್ಮೂರ ಕೆರೆ’ ಎಂಬುದು ಪ್ರಶ್ನೆಯಲ್ಲ

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಗೆ ‘ನಮ್ಮೂರ ಕೆರೆ’ ಎಂಬ ಯೋಜನಾ ಕಾರ್ಯ ಕೊಟ್ಟರೆ ಹೆಚ್ಚಿನವರು ಮೊಬೈಲಿನಿಂದ ಒಂದೇ ಬರಹ ಇಳಿಸಿ ತಂದರು. ಸಂಶೋಧನೆಯನ್ನು ಹಂತ ಹಂತವಾಗಿ ಕಲಿಸುವುದು ಹೇಗೆ?
– ಶಿಕ್ಷಕಿ, ಕೋಲಾರ ಜಿಲ್ಲೆ

ಉತ್ತರ: ಮಕ್ಕಳನ್ನು ಬಯ್ಯಬೇಡಿ ಮೇಡಂ. ನೀವು ಕೊಟ್ಟದ್ದು ತಲೆಬರಹ. ತಲೆಬರಹ ಕೊಟ್ಟರೆ ಪ್ರಬಂಧವೇ ಬರುತ್ತದೆ, ಅದೂ ಯಾರದೋ ಪ್ರಬಂಧ. ಮೊದಲ ವಾರವಿಡೀ ಪ್ರಶ್ನೆ ಹುಟ್ಟಿಸುವುದಕ್ಕೇ ಇಡಿ. ಮಕ್ಕಳನ್ನು ಕೆರೆ ಏರಿಯ ಮೇಲೆ ನಡೆಸಿ. ಈ ತೂಬಿನ ನೀರು ಈಗ ಯಾರ ಗದ್ದೆಗೆ ಹೋಗುತ್ತದೆ? ಕೋಡಿ ಕೊನೆಯ ಬಾರಿ ಹರಿದದ್ದು ಯಾವ ವರ್ಷ? ಇದಕ್ಕೆ ಮೊಬೈಲಿನಲ್ಲಿ ಉತ್ತರ ಸಿಗುವುದಿಲ್ಲ.

ಆಮೇಲೆ, ಉತ್ತರ ಎಲ್ಲೆಲ್ಲಿ ಇದ್ದೀತು ಎಂದು ಮಕ್ಕಳೇ ಊಹಿಸಿ ಬರೆಯಲಿ: ಕೆರೆಯ ನೀರನ್ನು ಗದ್ದೆಗಳಿಗೆ ಬಿಡುತ್ತಿದ್ದ ಹಳೆಯ ನೀರುಗಂಟಿಯ ಮನೆ, ಪಹಣಿ, ಪಂಚಾಯಿತಿ ಕಡತ. ದಂಡೆಯಲ್ಲಿ ಶಾಸನವಿದ್ದರೆ ನೀವು ಅದೃಷ್ಟವಂತರು. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಪುಟಮಾಲೆಯ ಹತ್ತನೆಯ ಸಂಪುಟ ನಿಮ್ಮ ಜಿಲ್ಲೆಯದೇ; ಶಾಸನಗಳು ತಾಲ್ಲೂಕುವಾರು ಇವೆ. ಅಲ್ಲಿ ‘ಬಿತ್ತುವಟ್ಟ’ ಎಂಬ ಪದ ಕಂಡರೆ ನಿಂತು ವಿವರಿಸಿ. ಕೆರೆಯನ್ನು ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ ಅದು.

ಟಿಪ್ಪಣಿಗೆ ನೋಟ್‌ಬುಕ್ ಬೇಡ, ಚೀಟಿ ಸಾಕು. ಒಂದು ಚೀಟಿಗೆ ಒಂದೇ ಸಂಗತಿ. ಅದರ ಕೆಳಗೆ, ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದು. ಚೀಟಿಗಳನ್ನು ಬೆಂಚಿನ ಮೇಲೆ ಹರಡಿದಾಗ ಜಗಳವಾಡುವ ಎರಡು ಸಿಕ್ಕೇ ಸಿಗುತ್ತವೆ. ತೂಬು ನಿಂತದ್ದು ಬರದಿಂದ ಎಂದು ಒಬ್ಬ ಅಜ್ಜ, ಹೂಳಿನಿಂದ ಎಂದು ಇನ್ನೊಬ್ಬರು. ನನ್ನ ಮಟ್ಟಿಗೆ ನಿಜವಾದ ಪಾಠ ಶುರುವಾಗುವುದು ಅಲ್ಲಿ. ಯಾರನ್ನು ನಂಬಬೇಕೆಂದು ನೀವು ತೀರ್ಪು ಕೊಡಬೇಡಿ. ಮೂರನೆಯ ಸಾಕ್ಷಿ ಹುಡುಕಲು ಮಕ್ಕಳನ್ನು ಮತ್ತೆ ಊರೊಳಗೆ ಕಳಿಸಿ.

ಅಮೆರಿಕದ ಐಸೆನ್‌ಬರ್ಗ್ ಮತ್ತು ಬರ್ಕೊವಿಟ್ಸ್ ರೂಪಿಸಿದ ‘ಬಿಗ್ ಸಿಕ್ಸ್’ ಎಂಬ ಆರು ಹಂತಗಳ ಕ್ರಮವೂ ಹೆಚ್ಚುಕಡಿಮೆ ಇದೇ: ಕೆಲಸ ಏನೆಂದು ಗೊತ್ತುಮಾಡುವುದರಿಂದ ಹಿಡಿದು, ಮಾಡಿದ್ದನ್ನು ತೂಗಿ ನೋಡುವವರೆಗೆ. ಗೋಡೆಗೆ ಅಂಟಿಸಿ, ತಪ್ಪಿಲ್ಲ. ಆದರೆ ನಾಲ್ಕನೆಯ ಹಂತದಲ್ಲಿರುವ ಹುಡುಗಿ ‘ಮೇಡಂ, ನನ್ನ ಪ್ರಶ್ನೆಯೇ ತಪ್ಪು’ ಎಂದರೆ ಮೊದಲಿಗೆ ಮರಳಲು ಬಿಡಿ, ಅಂಕ ಕಳೆಯಬೇಡಿ.

ಅಂಕದ ಮಾತು ಬಂದದ್ದರಿಂದ ಹೇಳುತ್ತೇನೆ: ಅರ್ಧದಷ್ಟು ಅಂಕವನ್ನು ಪ್ರಶ್ನೆಗೂ ಚೀಟಿಗಳಿಗೂ ಕೊಡಿ, ಉಳಿದದ್ದು ವರದಿಗೆ. ‘ನಮಗೆ ತಿಳಿಯದೆ ಉಳಿದದ್ದು’ ಎಂದು ಕೊನೆಯಲ್ಲಿ ಅರ್ಧ ಪುಟ ಬರೆಸಿ. ಮಿಂಚುವ ರಟ್ಟಿನ ಹೊದಿಕೆಗೆ, ದಯವಿಟ್ಟು, ಏನೂ ಕೊಡಬೇಡಿ.