ಅಜ್ಜನ ಹಳೇ ನುಡಿ ಫೈಲ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಬರೀ ಚಿಹ್ನೆಗಳಾಗಿ ಕಾಣುತ್ತಿದೆ. ಯಾವ ಫಾಂಟ್ ಹಾಕಲಿ?

ನಿಮ್ಮದು 2003ರ ಸುಮಾರಿಗೆ ಟೈಪ್ ಮಾಡಿದ ವಂಶಾವಳಿ, ನಡುನಡುವೆ ಇಂಗ್ಲಿಷ್ ವಿಳಾಸಗಳು, ವರ್ಡ್ ಫೈಲ್. ನಮ್ಮ ತಂದೆಯವರು ಬರೆದಿಟ್ಟ ನೆನಪುಗಳೂ ಥೇಟ್ ಇಂಥದ್ದೇ ಫೈಲಿನಲ್ಲಿದ್ದವು. ಅದರ ಒಂದು ಭಾಗ ಹಾಳಾಗಿದ್ದು ಫಾಂಟ್ ಹುಡುಕಾಟದಲ್ಲೇ. ಹಾಗಾಗಿ ನುಡಿ 4 ಹಾಕಲೋ 5 ಹಾಕಲೋ ಬರಹ ಹಾಕಲೋ ಎಂಬ ಯೋಚನೆ ಬಿಡಿ. ಫಾಂಟ್ ಹಾಕಿದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓದಲು ಬರುತ್ತದೆ, ಅಷ್ಟೇ. ವಾಟ್ಸಾಪ್‌ನಲ್ಲಿ ಅಕ್ಕನಿಗೆ ಎರಡು ಪ್ಯಾರಾ ಕಳಿಸಿದರೆ ಅವರ ಫೋನಿನಲ್ಲಿ ಮತ್ತೆ ಅದೇ ಚಿಹ್ನೆ. ಮುತ್ತಜ್ಜನ ಹೆಸರು ಕನ್ನಡದಲ್ಲಿ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಕನ್ನಡ ಎಂದೇ ಗೊತ್ತಾಗುವುದಿಲ್ಲ. ಆ ಫೈಲನ್ನು ಯೂನಿಕೋಡಿಗೆ, ಅಂದರೆ ಈಗಿನ ಫೋನು ಕಂಪ್ಯೂಟರುಗಳೆಲ್ಲ ಕನ್ನಡ ಎಂದು ಗುರುತಿಸುವ ಸಂಕೇತಕ್ಕೆ, ತರಬೇಕು, ಬೇರೆ ದಾರಿ ಇಲ್ಲ.

ಫೈಲಿನೊಳಗೆ ಏನಿದೆ ಎಂದು ಮೊದಲು ತಿಳಿದುಕೊಳ್ಳಿ. ಆಗಿನ ಮನೆ ಕಂಪ್ಯೂಟರುಗಳಲ್ಲಿ ವಿಂಡೋಸ್ 98 ಸಾಮಾನ್ಯ, ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹವಾಗಲಿ, ಈ ಟೈಪಿಂಗ್ ತಂತ್ರಾಂಶಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸಿದವು. ‘ಕನ್ನಡ’ ಎಂಬ ಪದ ನಿಮ್ಮ ಅಜ್ಜನ ಫೈಲಿನಲ್ಲಿ ಹೀಗಿದೆ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಎಸ್ಸೆಟ್ (ß), ಸಣ್ಣ ಕ್ಯೂ, ಮತ್ತೆ ಎ. ಓರೆಗೆರೆಯ ಎ ಅಂದರೆ ತಲೆಕಟ್ಟು. ಪೌಂಡ್ ಅಂದರೆ ನಕಾರದ ಒಡಲು. ಎಸ್ಸೆಟ್ ಅಂದರೆ ನಕಾರದ ಒತ್ತು. ಈ ಏಳು ಚಿಹ್ನೆಗಳನ್ನು ಕನ್ನಡವಾಗಿ ತೋರಿಸುವುದು ಅಂಥ ಫಾಂಟ್ ಮಾತ್ರ.

ಈಗ ಆ ತಪ್ಪಿನ ವಿಷಯ. ದಯವಿಟ್ಟು ಇದನ್ನು ಪೂರ್ತಿ ಓದಿ. ಫೈಲ್ ತೆರೆದಾಗ ಚಿಹ್ನೆ ಕಂಡರೆ ಎಲ್ಲರೂ ಮಾಡುವುದು ಒಂದೇ. ಕಂಟ್ರೋಲ್ ಎ ಒತ್ತಿ ಎಲ್ಲ ಆಯ್ಕೆ ಮಾಡಿ, ಪಟ್ಟಿಯಿಂದ ಯಾವುದೋ ಕನ್ನಡ ಫಾಂಟ್ ಒತ್ತುವುದು. ನಮ್ಮಲ್ಲಿ ನಿರ್ಮಲಾ ಎಂಬ ಫಾಂಟ್ ಒತ್ತಿದ್ದಾಯಿತು. ಏನೂ ಬದಲಾದಂತೆ ಕಾಣಲಿಲ್ಲ, ಮುಚ್ಚುವಾಗ ಸೇವ್ ಮಾಡಲೇ ಎಂದು ಕೇಳಿದ್ದಕ್ಕೆ ಹೂಂ ಎಂದದ್ದೂ ಆಯಿತು. ಅಲ್ಲಿಗೆ ಮುಗಿಯಿತು. ಯಾಕೆಂದರೆ ಫೈಲಿನಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಸಂಕೇತಗಳಲ್ಲಿವೆ. ಇದು ಕನ್ನಡದ ಪಿ, ಇದು ಇಂಗ್ಲಿಷಿನ ಪಿ ಎಂದು ಬೇರೆ ಮಾಡುವ ಒಂದೇ ಒಂದು ಸುಳಿವು ಆ ತುಣುಕಿಗೆ ಅಂಟಿಕೊಂಡಿರುವ ಫಾಂಟಿನ ಹೆಸರು. ಈಗಿನ ವರ್ಡ್ ಫೈಲ್, ಅಂದರೆ ಡಾಕ್ಸ್ (.docx), ನಿಜಕ್ಕೆ ಒಂದು ಜಿಪ್, ಹಲವು ಫೈಲುಗಳ ಗಂಟು. ಬಿಚ್ಚಿ ನೋಡಿದರೆ ಬೇರೆ ಬೇರೆ ಫಾಂಟಿನ ತುಣುಕುಗಳ ಪಕ್ಕ ಆಯಾ ಫಾಂಟಿನ ಹೆಸರು ಬರೆದಿರುತ್ತದೆ. ಕಂಟ್ರೋಲ್ ಎ ಒತ್ತಿ ಫಾಂಟ್ ಬದಲಿಸಿದ ಕೂಡಲೇ ಅಷ್ಟೂ ಹೆಸರು ಅಳಿಸಿ ಒಂದೇ ಹೆಸರು ಕೂರುತ್ತದೆ. ಸೇವ್ ಮಾಡಿ ಮುಚ್ಚಿದ ಮೇಲೆ ಅನ್‌ಡೂ ಇಲ್ಲ.

ಆಮೇಲೆ ಹಳೇ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಹಾಕಿದರೆ ಅದು ಇಂಗ್ಲಿಷನ್ನೂ ಕನ್ನಡ ಎಂದೇ ತಿಳಿಯುತ್ತದೆ. ನುಡಿ ಸಂಕೇತದಲ್ಲಿ ದೊಡ್ಡ ಕೆ ಅಂದರೆ ಏ, ದೊಡ್ಡ ಇ ಅಂದರೆ ಇ, ದೊಡ್ಡ ಬಿ ಅಂದರೆ ವಿಸರ್ಗ. ತಂದೆಯವರು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಕೆಇಬಿ ‘ಏಇಃ’ ಆಯಿತು. ಎಂಎಲ್‌ಸಿ ‘ಒಐಅ’ ಆಯಿತು. ಇಂಥವು ಕಣ್ಣಿಗೆ ಬೀಳುತ್ತವೆ, ತಿದ್ದಬಹುದು. ಅಪಾಯ ಇರುವುದು ಎಂಎ ಪದವಿಯಂಥವುಗಳಲ್ಲಿ. ದೊಡ್ಡ ಎಂ ಅಂದರೆ ಒ, ದೊಡ್ಡ ಎ ಅಂದರೆ ಸೊನ್ನೆ, ಸೇರಿ ‘ಒಂ’. ಕನ್ನಡದ ನಡುವೆ ಅದು ಕನ್ನಡದಂತೆಯೇ ಕೂತುಬಿಡುತ್ತದೆ. ನೋಟ್‌ಪ್ಯಾಡಿಗೆ ಕಾಪಿ ಮಾಡಿದರೂ ಇದೇ ಗತಿ, ಅದರಲ್ಲಿ ಫಾಂಟ್ ಹೆಸರು ಉಳಿಯುವುದೇ ಇಲ್ಲ. ಮೂಲ ಫೈಲಿನ ಇನ್ನೊಂದು ಪ್ರತಿ ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಇಲ್ಲದಿದ್ದರೆ ಆ ಸುಳಿವನ್ನು ಯಾವ ತಂತ್ರಾಂಶವೂ ವಾಪಸು ತರಲಾರದು.

ಆದ್ದರಿಂದ ಮೊದಲು ಫೈಲನ್ನು ಎರಡು ಕಡೆ ನಕಲು ಮಾಡಿ, ಮೂಲದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಹಾಕಿ. ನಕಲನ್ನು ತೆರೆದು ವರ್ಡ್‌ನ ಆಟೋಕರೆಕ್ಟ್‌ನಲ್ಲಿರುವ ಎಲ್ಲ ಟಿಕ್ ತೆಗೆಯಿರಿ. ವಾಕ್ಯದ ಮೊದಲಕ್ಷರ ದೊಡ್ಡದು ಮಾಡುವ ಅದರ ಚಾಳಿ ಇಲ್ಲಿ ಮಾರಕ: ಸಣ್ಣ ಕ್ಯೂ ಡಕಾರದ ಒಡಲು, ದೊಡ್ಡ ಕ್ಯೂ ಅಂದರೆ ಕಿ.

ಇನ್ನು ಒಂದು ಚಿಹ್ನೆಯ ಮೇಲೆ ಕರ್ಸರ್ ಇಟ್ಟು ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೂ ಅದರ ಹೆಸರು ಅಲ್ಲಿ ಕಾಣುತ್ತದೆ. ಹೆಸರಿನಲ್ಲಿ ನುಡಿ ಅಥವಾ ಬಿಆರ್‌ಎಚ್ (ಬರಹದ ಫಾಂಟುಗಳ ಗುರುತು) ಎಂದಿದ್ದರೆ ನಿಶ್ಚಿಂತೆ, ಎರಡರ ಸಂಕೇತವೂ ಬಹುಮಟ್ಟಿಗೆ ಒಂದೇ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ್ದಾಗಿದ್ದರೆ ಅದರ ಸಂಕೇತವೇ ಬೇರೆ, ಮುಂದೆ ಹೇಳುವುದು ಹಾಗೇ ಅನ್ವಯಿಸುವುದಿಲ್ಲ. ಆ ಹೆಸರಿನ ಫಾಂಟ್ ಈಗ ಹಾಕಿ, ಆದರೆ ಒಂದೇ ಉದ್ದೇಶಕ್ಕೆ: ಇಡೀ ಫೈಲಿನ ಪಿಡಿಎಫ್ ಮಾಡಿಟ್ಟುಕೊಳ್ಳಲು. ತಿದ್ದುವಾಗ ತಾಳೆ ನೋಡಲು ಅದೇ ನಿಮಗೆ ಆಧಾರ.

ಮುಂದೆ ಇಂಗ್ಲಿಷ್ ತುಣುಕುಗಳಿಗೆ ಗುರುತು ಹಾಕಿ. ಕಂಟ್ರೋಲ್ ಎಚ್ ಒತ್ತಿ, ಹುಡುಕುವ ಜಾಗ ಖಾಲಿ ಬಿಟ್ಟು, ಮೋರ್, ಫಾರ್ಮ್ಯಾಟ್, ಫಾಂಟ್ ಎಂದು ಹೋಗಿ ಟೈಮ್ಸ್ ನ್ಯೂ ರೋಮನ್ ಆರಿಸಿ. ಬದಲಿ ಹಾಕುವ ಜಾಗದಲ್ಲಿ ★^&★ ಎಂದು ಕೊಟ್ಟು ರಿಪ್ಲೇಸ್ ಆಲ್ ಒತ್ತಿ. ನಡುವಿನ ಎರಡು ಚಿಹ್ನೆಗೆ ‘ಸಿಕ್ಕಿದ್ದನ್ನು ಹಾಗೇ ಇಡು’ ಎಂದರ್ಥ. ಅಜ್ಜ ಏರಿಯಲ್ ಬಳಸಿದ್ದರೆ ಅದಕ್ಕೂ ಹೀಗೇ ಮಾಡಿ. ಪ್ಯಾರಾದ ಕೊನೆಯಲ್ಲಿ ಇಂಗ್ಲಿಷ್ ಇದ್ದರೆ ಎರಡನೇ ನಕ್ಷತ್ರ ಮುಂದಿನ ಸಾಲಿಗೆ ಜಿಗಿಯಬಹುದು, ಪರವಾಗಿಲ್ಲ. ಗುರುತಿಗೆ ನಕ್ಷತ್ರವೇ ಯಾಕೆಂದರೆ ಅದು ಹಳೇ 256 ಸಂಕೇತಗಳ ಆಚೆಗಿನದು, ಕನ್ವರ್ಟರ್ ಮುಟ್ಟುವುದಿಲ್ಲ. ಜೋಡಿ ಕೋನದ ಉದ್ಧರಣ ಚಿಹ್ನೆ («) ಹಾಕಿದರೆ ಕೆಟ್ಟಿತು, ನುಡಿಯಲ್ಲಿ ಅದೇ ‘ವಿ’ ಅಕ್ಷರ. ಪರಿವರ್ತನೆಯಾದ ಮೇಲೆ ನಕ್ಷತ್ರ ಹುಡುಕುತ್ತಾ ಹೋಗಿ, ಪಿಡಿಎಫ್ ನೋಡಿಕೊಂಡು ಇಂಗ್ಲಿಷನ್ನು ಮತ್ತೆ ಟೈಪ್ ಮಾಡಿ. ವಂಶಾವಳಿಯಷ್ಟು ಪುಟಗಳಿಗೆ ಇದೇ ಸಲೀಸು.

ಕನ್ವರ್ಟರ್ ಯಾವುದು ಎಂಬುದಕ್ಕೆ ನಾನು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಬ್ರೌಸರಿನಲ್ಲೇ ನಡೆಯುವ ಉಚಿತ ಕನ್ವರ್ಟರುಗಳಿವೆ. ಇಡೀ ಫೈಲ್ ಹಾಕುವ ಮುನ್ನ ‘ಮತ್ತು, ಧರ್ಮ, ಅಕ್ಕಿ, ಯಾತ್ರೆ’ ಈ ನಾಲ್ಕು ಪದ ಇರುವ ಸಾಲುಗಳನ್ನು ಹಾಕಿ ಪರೀಕ್ಷಿಸಿ. ನುಡಿಯಲ್ಲಿ ಮಕಾರ ಅಂದರೆ ವಕಾರದ ಮುಂದೆ ಕೊಂಬು. ‘ವು’ ಬರೆಯಲು ಬೇರೆಯೇ ಕೊಂಬಿದೆ. ಪೆದ್ದ ಕನ್ವರ್ಟರ್ ಮೊದಲು ವಕಾರ ಬದಲಿಸಿ, ಆಮೇಲೆ ಕೊಂಬು ಬದಲಿಸಿ, ‘ಮತ್ತು’ ಎಂಬುದನ್ನು ‘ವುತ್ತು’ ಮಾಡುತ್ತದೆ. ‘ಧರ್ಮ’ದಲ್ಲಿ ಅರ್ಕಾವೊತ್ತು ಫೈಲಿನಲ್ಲಿ ಮಕಾರದ ನಂತರ ಇದೆ, ಯೂನಿಕೋಡಿನಲ್ಲಿ ರೇಫ ಮುಂಚೆ ಬರಬೇಕು. ‘ಅಕ್ಕಿ’ಯಲ್ಲಿ ಹಳೇ ಕ್ರಮ ಕಿ, ಆಮೇಲೆ ಒತ್ತು; ಹೊಸ ಕ್ರಮದಲ್ಲಿ ಒತ್ತು ಮೊದಲು, ಗುಡಿಸು ಕೊನೆಗೆ. ನಾಲ್ಕೂ ಪದ ಸರಿಯಾಗಿ ಬಂದರೆ ಆ ಕನ್ವರ್ಟರನ್ನು ನಂಬಬಹುದು.

ಎಲ್ಲ ಸರಿಯಾಗಿ ಕಂಡ ಮೇಲೂ ಎರಡು ದೋಷ ಅಡಗಿರುತ್ತವೆ. ‘ಕೋಲಾರ’ ಎಂದು ಹುಡುಕಿ. ಕಣ್ಣೆದುರೇ ಇದ್ದರೂ ಸಿಗದಿದ್ದರೆ ಓತ್ವದ ದೀರ್ಘ ಒಂದೇ ಸಂಕೇತವಾಗಿ ಬರದೆ ಎತ್ವ, ದೀರ್ಘ ಕೊಂಬು, ದೀರ್ಘ ಎಂದು ಮೂರು ತುಂಡಾಗಿ ಬಂದಿದೆ ಎಂದರ್ಥ. ತಪ್ಪಾದ ಪದದಿಂದ ಆ ತುಂಡುಗಳನ್ನು ಕಾಪಿ ಮಾಡಿ, ಸರಿಯಾದ ‘ೋ’ಗೆ ರಿಪ್ಲೇಸ್ ಆಲ್ ಮಾಡಿ. ಮೊದಲು ‘ೋ’, ಆಮೇಲೆ ‘ೇ’ ಮತ್ತು ‘ೀ’. ಎರಡನೆಯದು ಅರ್ಧಾಕ್ಷರದ್ದು. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಎಂದು ಒತ್ತಾಗಿ ಅಂಟಿಕೊಂಡಿರುತ್ತದೆ. ಅಲ್ಲಿ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಸಂಯೋಜಕ (ZWNJ) ಸೇರಿಸಬೇಕು. ಊರು, ಅಂಗಡಿ, ಸಂಸ್ಥೆಗಳ ಇಂಗ್ಲಿಷ್ ಮೂಲದ ಹೆಸರುಗಳಲ್ಲೇ ಇದು ಜಾಸ್ತಿ, ವಂಶಾವಳಿಯಲ್ಲಿ ಅವನ್ನು ಬಿಟ್ಟರೆ ತಪ್ಪು ಹೆಸರೇ ಉಳಿದುಬಿಡುತ್ತದೆ.

ಕೊನೆಗೆ ನೋಟೋ ಸಾನ್ಸ್ ಕನ್ನಡ ಅಥವಾ ನಿರ್ಮಲಾ ಹಾಕಿ. ವರ್ಡ್‌ಗೆ ಕನ್ನಡ ಕಾಂಪ್ಲೆಕ್ಸ್ ಸ್ಕ್ರಿಪ್ಟ್, ಹಾಗಾಗಿ ಫಾಂಟ್ ಕಿಟಕಿಯಲ್ಲಿ ಆ ಹೆಸರಿನ ಕೆಳಗಿರುವ ಫಾಂಟನ್ನೂ ಗಾತ್ರವನ್ನೂ ಬದಲಿಸಿ. ಲಿಬ್ರೆ ಆಫೀಸಿನಲ್ಲಿ ಸಿಟಿಎಲ್ ಎಂದಿರುವ ಕಡೆ ಬದಲಿಸಬೇಕು. ಡಾಕ್ಸ್ ಜೊತೆ ಒಂದು ಬರೀ ಪಠ್ಯದ ಪ್ರತಿಯೂ ಇರಲಿ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಇದೆಯೇ ನೋಡಿ. ಹಳೇ ಸಂಕೇತವಾದ ಆನ್ಸಿ ಇದ್ದರೆ ನೋಟ್‌ಪ್ಯಾಡ್ ಎಚ್ಚರಿಕೆ ತೋರಿಸುತ್ತದೆ. ಓದದೆ ಓಕೆ ಒತ್ತಿದರೆ ಕನ್ನಡದ ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಬಿದ್ದಿರುತ್ತದೆ.