ತೋಟ ಮಾರುವ ಮೊದಲು ಮಂಡಿ ಪಟ್ಟಿ ಜೋಡಿಸಿ

ತೀರ್ಥಹಳ್ಳಿ ಕಡೆಯವರು ಬೆಳಿಗ್ಗೆ ಗುಂಪಿಗೆ ಹಾಕಿದ್ದು ಓದಿದೆ. ಎಲೆಚುಕ್ಕೆ ರೋಗದಿಂದ ಬೇಸತ್ತು ಮೂರು ಎಕರೆ ಅಡಿಕೆ ತೋಟ ಮಾರುತ್ತೇವೆ, ನ್ಯೂಜಿಲೆಂಡಿನಲ್ಲಿ ಜಮೀನು ತಗೊಂಡು ಅಲ್ಲೇ ನೆಲೆಸುತ್ತೇವೆ, ಒಂದು ಲಕ್ಷ ಡಾಲರ್ ಹಾಕಿದರೆ ವೀಸಾ ಗ್ಯಾರಂಟಿ ಅಂತ ಏಜೆಂಟ್ ಹೇಳಿದ್ದಾರೆ, ಐದು ಲಕ್ಷ ಅಡ್ವಾನ್ಸ್ ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ ಮಾರಾಯ್ರೆ. ತೋಟಕ್ಕೆ ಅಗ್ರಿಮೆಂಟ್ ಬರೆಯಲು ಹೊರಟಿದ್ದರೆ ಇವತ್ತೇ ನಿಲ್ಲಿಸಿ. ಇದೇ ತಪ್ಪು ಮಾಡಿದವನು ನಾನು.

ಆ ಒಂದು ಲಕ್ಷ ಡಾಲರಿನ ಎಂಟ್ರಪ್ರೆನರ್ ವೀಸಾ ಆಗಸ್ಟ್ 2025ರಲ್ಲೇ ಮುಚ್ಚಿದೆ. ಅದರ ಜಾಗಕ್ಕೆ ಬಂದ ಬಿಸಿನೆಸ್ ಇನ್ವೆಸ್ಟರ್ ವೀಸಾಕ್ಕೆ ಕಡಿಮೆ ಅಂದರೂ ಹತ್ತು ಲಕ್ಷ ನ್ಯೂಜಿಲೆಂಡ್ ಡಾಲರ್ ಬೇಕು, ಅದನ್ನೂ ಈಗಾಗಲೇ ನಡೆಯುತ್ತಿರುವ ವ್ಯವಹಾರಕ್ಕೇ ಹಾಕಬೇಕು. ನಮ್ಮ ದುಡ್ಡಿನಲ್ಲಿ ಸುಮಾರು ಐದು ಕೋಟಿ. ಇಲ್ಲದೇ ಇರುವ ವೀಸಾ ತೋರಿಸಿ ನಿಮ್ಮ ಹತ್ತಿರ ಅಡ್ವಾನ್ಸ್ ಕೇಳುತ್ತಿದ್ದಾರೆ.

ನಾನು ಹೊರಟಿದ್ದು ಕೆನಡಾಕ್ಕೆ, 2016ರ ಕೊನೆಗೆ. ಆಗ ಅಲ್ಲಿ ಸ್ವಂತ ಉದ್ಯೋಗದ ವಿಭಾಗದಲ್ಲಿ ಫಾರ್ಮ್ ನಡೆಸುವವರಿಗೂ ಅವಕಾಶ ಇತ್ತು. ಹಿಂದಿನ ಐದು ವರ್ಷದಲ್ಲಿ ಎರಡು ವರ್ಷವಾದರೂ ಫಾರ್ಮ್ ನಡೆಸಿದ ಅನುಭವ ಬೇಕು, 100ಕ್ಕೆ 35 ಅಂಕ ಬೇಕು. ಅಂಕ ಸಾಕಾಗುತ್ತಿತ್ತು. ಸಿಕ್ಕಿಹಾಕಿಕೊಂಡಿದ್ದು ಕಾಗದದಲ್ಲಿ. ಇಪ್ಪತ್ತು ವರ್ಷ ತೋಟ ಮಾಡಿದ್ದೇನೆ, ಆದರೆ ಮಾಡಿದ್ದೇನೆ ಅನ್ನುವುದಕ್ಕೆ ದಾಖಲೆ ಎಲ್ಲಿದೆ? ಪಹಣಿ ಅಪ್ಪನ ಹೆಸರಿನಲ್ಲಿ. ಅರ್ಧ ಅಡಿಕೆ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ನಗದಿಗೆ ಕೊಟ್ಟಿದ್ದು, ಚೀಟಿ ಇಲ್ಲ. ಇನ್ನರ್ಧ ಮಂಡಿಗೆ ಹೋಗಿತ್ತು, ಅಲ್ಲಿ ಕೊಟ್ಟ ಮಾರಾಟದ ಪಟ್ಟಿಗಳೆಲ್ಲ ಅಟ್ಟದ ಮೇಲೆ ಟ್ರಂಕಿನಲ್ಲಿದ್ದವು. ತೆಗೆದರೆ ನಾಲ್ಕು ಮಳೆಗಾಲದ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಿದರೆ ಹರಿಯುತ್ತವೆ. ‘ರಾಶಿ ಇಡಿ’ ಅಂತ ಅಡಿಕೆಯ ದರ್ಜೆ ಓದಬಹುದು, ತೂಕ ಓದಬಹುದು, ತಾರೀಕಿನ ಜಾಗದಲ್ಲಿ ಮಾತ್ರ ಮಸಿ ಹರಡಿ ನೀಲಿ ಕಲೆ. ತಾರೀಕಿಲ್ಲದ ಪಟ್ಟಿ ಯಾರಿಗೆ ಬೇಕು ಹೇಳಿ.

ಮತ್ತೆ ಮಂಡಿಗೆ ಅಲೆದು ಹಳೇ ಲೆಡ್ಜರಿನಿಂದ ನಕಲು ತೆಗೆಸಿ, ಮನೆಯಲ್ಲಿ ಪಾಲು ಮಾಡಿಕೊಂಡು ಖಾತೆ ಬದಲಾಯಿಸಿ, ಬ್ಯಾಂಕಿನಿಂದ ಹಳೇ ಸ್ಟೇಟ್‌ಮೆಂಟ್ ತರಿಸಿ, ಎಲ್ಲವನ್ನೂ ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸುವ ಹೊತ್ತಿಗೆ ಹದಿನಾಲ್ಕು ತಿಂಗಳು. ಫೈಲ್ ಆಯ್ತು ಅನ್ನುವಾಗ, ಮಾರ್ಚ್ 2018ರಲ್ಲಿ, ಕೆನಡಾ ಆ ಫಾರ್ಮ್ ವಿಭಾಗವನ್ನೇ ತೆಗೆದುಹಾಕಿತು. ಏಜೆಂಟಿಗೆ ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಒತ್ತಾಯ ಮಾಡಿ ಹಳ್ಳದ ಬದಿಯ ಒಂದು ಎಕರೆ ಮಾರಿಸಿಯೂ ಆಗಿತ್ತು. ಅಪ್ಪ ನೆಟ್ಟ ಮರಗಳು ಅವು. ಈಗಲೂ ಪೇಟೆಗೆ ಹೋಗುವಾಗ ಅದರ ಬೇಲಿ ಪಕ್ಕದಲ್ಲೇ ಹೋಗಬೇಕು.

ಅದಕ್ಕೇ ಹೇಳುವುದು, ಮೊದಲು ಪಟ್ಟಿ, ಆಮೇಲೆ ದೇಶ. ಯಾವ ದೇಶಕ್ಕೆ ಹೋದರೂ ದುಡ್ಡು ಎಲ್ಲಿಂದ ಬಂತು ಅಂತ ಕೇಳಿಯೇ ಕೇಳುತ್ತಾರೆ. ಒಂದು ಚೀಲ ಅಡಿಕೆಯನ್ನೂ ಚೀಟಿ ಇಲ್ಲದೆ ಕೊಡಬೇಡಿ, ಕ್ವಿಂಟಾಲಿಗೆ ಐನೂರು ಜಾಸ್ತಿ ಕೊಡುತ್ತೇನೆ ಅಂದರೂ ಬೇಡ. ದುಡ್ಡು ಖಾತೆಗೇ ಬರಲಿ. ಪಟ್ಟಿ ಕೈಗೆ ಬಂದ ದಿನವೇ ಫೋನಿನಲ್ಲಿ ಸ್ಕ್ಯಾನ್ ಮಾಡಿ. ಅಡೋಬ್ ಸ್ಕ್ಯಾನ್ ಸಾಕು. ಕ್ಯಾಮ್‌ಸ್ಕ್ಯಾನರ್ 2020ರಲ್ಲೇ ಬ್ಯಾನ್ ಆಯ್ತು, ಇನ್ನೂ ಕೆಲವರ ಫೋನಿನಲ್ಲಿದೆ, ತೆಗೆದುಹಾಕಿ. ಮೆಷಿನ್ನಿನಿಂದ ಬರುವ ನುಣುಪು ಕಾಗದದ ಬಿಲ್ಲಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಜೆರಾಕ್ಸ್ ತೆಗೆಸಿಡಿ. ಫೈಲಿಗೆ ನಾನು ಸೋಲೋ ಕಂಪನಿಯದ್ದು ಬಿಟ್ಟು ಬೇರೆ ತರುವುದಿಲ್ಲ, ಅಗ್ಗದ ಫೈಲುಗಳ ಕ್ಲಿಪ್ಪು ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ಅಟ್ಟಕ್ಕೆ ಮಾತ್ರ ಹಾಕಬೇಡಿ. ಏಲಕ್ಕಿ ಇಡುತ್ತೇವಲ್ಲ, ಹಾಗೆ ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬಿಯಲ್ಲಿಡಿ.

ಇನ್ನೊಂದು. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ ಅಂತ ರಿಟರ್ನ್ ಹಾಕದೆ ಸುಮ್ನೆ ಕೂರುತ್ತೇವಲ್ಲ, ಹಾಗೆ ಕೂರುವುದು ತಪ್ಪು. ಕೃಷಿ ಆದಾಯ ತೋರಿಸಿ ಪ್ರತಿ ವರ್ಷ ರಿಟರ್ನ್ ಹಾಕಿ. ಇಂಥ ಕೆಲಸಕ್ಕೆ ಹೊರದೇಶಕ್ಕೆ ದುಡ್ಡು ಕಳಿಸುವಾಗ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ, ಅದು ವಾಪಸ್ ಬರಬೇಕಾದರೂ ರಿಟರ್ನ್ ಹಾಕಲೇಬೇಕು. ಒಬ್ಬರ ಹೆಸರಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರಿಗಿಂತ ಜಾಸ್ತಿ ಕಳಿಸಲು ಬರುವುದಿಲ್ಲ. ಐದು ಕೋಟಿ ಒಂದೇ ಸಲ ಹೇಗೆ ಕಳಿಸುತ್ತೀರಿ? ಏಜೆಂಟ್ ಇದನ್ನು ಹೇಳಿದ್ದಾರಾ?

ಜಮೀನು ತಗೊಂಡರೆ ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿ, ಸಿಗುತ್ತದೆ ಅನ್ನುವುದನ್ನು ತಲೆಯಿಂದ ತೆಗೆದುಬಿಡಿ. ಜಮೀನು ಬೇರೆ, ವೀಸಾ ಬೇರೆ. ನ್ಯೂಜಿಲೆಂಡಿನಲ್ಲಿ ಪೇಟೆಯಾಚೆ 5 ಹೆಕ್ಟೇರ್ ಮೀರಿದ ಜಮೀನಿಗೆ ಹೊರಗಿನವರು ಸರ್ಕಾರದ ಒಪ್ಪಿಗೆ ತಗೋಬೇಕು. ಕೆನಡಾದ ಸಸ್ಕಾಚೆವಾನಿನಲ್ಲಿ ಹೊರಗಿನವರಿಗೆ 10 ಎಕರೆ ಮಿತಿ. ಅಮೆರಿಕದ ಇ-2 ಬಿಸಿನೆಸ್ ವೀಸಾ ಭಾರತದವರಿಗೆ ಇಲ್ಲವೇ ಇಲ್ಲ.

ನನ್ನ ಚಿಕ್ಕಪ್ಪನ ಮಗ ಬೇರೆ ರೀತಿ ಹೋದ. ಡೈರಿ ಫಾರ್ಮಿಗೆ ಕೆಲಸದ ವೀಸಾದಲ್ಲಿ, ನ್ಯೂಜಿಲೆಂಡಿನ ವೈಕಾಟೊಗೆ. 2021ರಲ್ಲಿ ಒಂದು ಸಲಕ್ಕೆ ಅಂತ ಕೊಟ್ಟ ರೆಸಿಡೆಂಟ್ ವೀಸಾದಲ್ಲಿ ನೆಲೆ ನಿಂತ. ಅದು ಈಗ ಇಲ್ಲ, ಅದನ್ನು ನಂಬಿಕೊಂಡು ಹೊರಡಬೇಡಿ. ಆದರೆ ಕೆಲಸ ಕಲಿತವರಿಗೆ ಅಲ್ಲಿ ಶೇರ್‌ಮಿಲ್ಕಿಂಗ್ ಅಂತ ಇದೆ: ಹಸು ನಿಮ್ಮದು, ಹುಲ್ಲುಗಾವಲು ಅವರದು, ಹಾಲಿನ ದುಡ್ಡು ಅರ್ಧರ್ಧ. ನೆಲ ಕೊಳ್ಳದೆಯೇ ರೈತರಾಗಬಹುದು. ಅವನ ಪಟ್ಟಿ ಫೈಲ್ ಮಾಡಿಕೊಟ್ಟವನು ನಾನೇ, ದುಡ್ಡಿನ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ.

ಏಜೆಂಟಿನ ಲೈಸೆನ್ಸ್ ನಂಬರ್ ಕೇಳಿ. ನ್ಯೂಜಿಲೆಂಡಿನ ಇಮಿಗ್ರೇಷನ್ ಅಡ್ವೈಸರ್ಸ್ ಅಥಾರಿಟಿ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಯಾರು ಬೇಕಾದರೂ ನೋಡಬಹುದು, ದುಡ್ಡು ಬೇಡ.

ಹೋಗುವುದೇ ಆದರೂ ತೋಟ ಮಾರಬೇಡಿ. ಎನ್‌ಆರ್‌ಐ ಆದಮೇಲೆ ಇರುವ ತೋಟ ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಚೇಣಿಗೆ, ಅಂದರೆ ಫಸಲನ್ನಷ್ಟೇ ಗುತ್ತಿಗೆಗೆ, ಕೊಡಿ. ಬಾಯಿಮಾತಿನಲ್ಲಿ ಬೇಡ, ಛಾಪಾ ಕಾಗದದಲ್ಲಿ ಬರೆಸಿ, ಔಷಧಿ ಹೊಡೆಸುವ ಖರ್ಚು ಯಾರದು, ಸತ್ತ ಮರಕ್ಕೆ ಸಸಿ ಯಾರು ನೆಡಬೇಕು ಅನ್ನುವುದೂ ಅದರಲ್ಲೇ ಬರಲಿ. ನಾವು ಬರೆಸಿದ ಒಂದು ಮಾದರಿ ಇದೆ, ಸಂಜೆ ಹೆಸರು ಮುಚ್ಚಿ ಫೋಟೋ ಹಾಕುತ್ತೇನೆ.